ಸಂಬಂಧಪಟ್ಟವರಿಗೆ ಮಾತ್ರ

ನಮ್ಮ ಕಾಲೇಜಿನಲ್ಲಿ ಕುರೊಸಾವನ ಸಿನಿಮಾ ತೋರಿಸಬೇಕೆಂದರೆ ಮೊದಲು ಸೆಮಿನಾರ್ ಹಾಲಿನ ಬೀಗದ ಕೈ ಇಟ್ಟುಕೊಂಡಿರುವ ಅಟೆಂಡರನ್ನು ಒಲಿಸಿಕೊಳ್ಳಬೇಕು. ಪ್ರಾಂಶುಪಾಲರ ಅನುಮತಿ ಆಮೇಲಿನ ಮಾತು. ಅವರು ಅರ್ಜಿಯ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಒಂದು ಸಹಿ ಎಳೆದು ಮರೆತುಬಿಡುತ್ತಾರೆ. ಶನಿವಾರ ಮಧ್ಯಾಹ್ನ ಬಾಗಿಲು ತೆರೆದು, ಪರದೆ ಇಳಿಸಿ, ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿ, ಸಂಜೆ ಕಡಲೆಕಾಯಿ ಸಿಪ್ಪೆ ಗುಡಿಸಿ ಮತ್ತೆ ಬೀಗ ಜಡಿಯಬೇಕಾದವರು ಈ ಅಟೆಂಡರು. ಶನಿವಾರ ಅರ್ಧ ದಿನದ ಕಾಲೇಜು. ಮಿಕ್ಕ ಅರ್ಧ ದಿನವನ್ನು ಜಪಾನಿನವರ ಸಲುವಾಗಿ ಬಿಟ್ಟುಕೊಡಿ ಎಂದು, ಮನೆಯಲ್ಲಿ ಎರಡು ಎಮ್ಮೆ, ಹಿತ್ತಲಲ್ಲಿ ಅರ್ಧ ಎಕರೆ ಅಡಕೆ ಇರುವ ಮನುಷ್ಯನನ್ನು ಕೇಳುವುದು ಸಣ್ಣ ವಿಷಯವಲ್ಲ. "ಅದರಲ್ಲಿ ಹಾಡು ಇದೆಯಾ ಸಾರ್?" ಎಂದರು. ಇಲ್ಲ ಎಂದೆ. "ಫೈಟಿಂಗು?" ಇದೆ, ಆದರೆ ಹೊಡೆದಾಡುವ ಇಬ್ಬರಿಗೂ ಕೈಕಾಲು ನಡುಗುತ್ತಿರುತ್ತದೆ ಎಂದೆ. 'ರಶೋಮನ್' ನೋಡಿದವರಿಗೆ ಇದು ನಿಜವೆಂದು ಗೊತ್ತು. ಆ ಕುತೂಹಲಕ್ಕೋ ಏನೋ, ಬೀಗದ ಗೊಂಚಲು ಜೇಬಿನಿಂದ ಹೊರಬಂತು.

ಬೀಗ ತೆಗೆದ ಮೇಲೆ ಕಾನೂನು. ನಮ್ಮ ಕಾಮರ್ಸ್ ಮೇಡಂ ಬಿಸಿನೆಸ್ ಲಾ ಪಾಠ ಮಾಡುವವರು. ಯಾರು ಯಾವ ಕೆಲಸಕ್ಕೆ ಹೊರಟರೂ ಅದರಲ್ಲಿ ಸಿಕ್ಕಿಬೀಳುವುದು ಹೇಗೆ ಎಂದು ಮೊದಲು ಯೋಚಿಸುವವರು. "ಕಾಪಿರೈಟ್ ಗತಿ ಏನು?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿಯೇಬಿಟ್ಟರು. ಆಮೇಲೆ, ಪುಣ್ಯಕ್ಕೆ, ತಾವೇ ಪುಸ್ತಕ ತೆರೆದು ಉತ್ತರವನ್ನೂ ಹುಡುಕಿ ಕೊಟ್ಟರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ಕಿಂಡಿ ಬಿಟ್ಟಿದ್ದಾರೆ. ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಸಿನಿಮಾ ತೋರಿಸಬಹುದು. ಆದರೆ ನೋಡುವವರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ವಿದ್ಯಾರ್ಥಿಗಳ ತಂದೆತಾಯಿ ಮತ್ತು ಪೋಷಕರು, ಜೊತೆಗೆ ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು, ಇಷ್ಟೇ ಜನ ಆಗಿರಬೇಕು.

ಈ 'ಸಂಬಂಧಪಟ್ಟವರು' ಯಾರು ಎಂಬುದರ ಮೇಲೆ ಆ ದಿನ ಎರಡು ಸುತ್ತು ಕಾಫಿ ಖರ್ಚಾಯಿತು. ಹಾಸ್ಟೆಲಿನ ಅಡುಗೆ ಭಟ್ಟರು ಸಂಬಂಧಪಟ್ಟವರೇ, ಅನುಮಾನವಿಲ್ಲ. ಅವರಿಲ್ಲದಿದ್ದರೆ ಯಾವ ಚಟುವಟಿಕೆಯೂ ಇಲ್ಲ. ರಾತ್ರಿ ಕಾವಲಿನವನೂ ಸರಿ. ಗೇಟಿನೆದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಪರೀಕ್ಷೆಯ ಹಿಂದಿನ ದಿನ ಇಡೀ ಕಾಲೇಜಿನ ಭವಿಷ್ಯವನ್ನು ಪುಟಕ್ಕಿಷ್ಟು ಎಂದು ಅಚ್ಚು ಹಾಕುವವನು? ಮೇಡಂ ಸ್ವಲ್ಪ ಯೋಚಿಸಿ, ಆತನ ಸಂಬಂಧ ನಮ್ಮೆಲ್ಲರಿಗಿಂತ ಗಾಢವಾದದ್ದು ಎಂದು ತೀರ್ಪು ಕೊಟ್ಟರು. ಕೊನೆಗೆ ನೋಟಿಸ್ ಬೋರ್ಡಿನಲ್ಲಿ 'ಸಂಬಂಧಪಟ್ಟವರಿಗೆ ಮಾತ್ರ ಪ್ರವೇಶ' ಎಂದು ಬರೆಸಿದೆವು. ಏನೋ ಗುಟ್ಟಿನ ಸಿನಿಮಾ ಇರಬೇಕೆಂದುಕೊಂಡು ಮೊದಲ ವಾರ ಹಾಲು ತುಂಬಿತು. ಎರಡನೆಯ ವಾರ ನಿಜವಾಗಿ ಸಂಬಂಧಪಟ್ಟವರು ಮಾತ್ರ ಉಳಿದರು.

ಗುಟ್ಟಿನ ಆಸೆಗೆ ಬರುವವರು ಇಂದಿನವರಲ್ಲ ಬಿಡಿ. ಕಲ್ಕತ್ತೆಯಲ್ಲಿ 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮತ್ತವರ ಗೆಳೆಯರು ಫಿಲ್ಮ್ ಸೊಸೈಟಿ ಕಟ್ಟಿ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ತೋರಿಸಿದಾಗ ಬಂದವರು ಕಲೆಯ ಹುಚ್ಚಿನವರೇ ಇರಬಹುದು. 1959ರಲ್ಲಿ ದೇಶದ ಸೊಸೈಟಿಗಳೆಲ್ಲ ಸೇರಿ ಒಕ್ಕೂಟವಾಯಿತು, ರಾಯ್ ಅದರ ಅಧ್ಯಕ್ಷರಾದರು. ಮುಂದೆ ಫಿಲ್ಮ್ ಸೊಸೈಟಿಗಳಲ್ಲಿ ತೋರಿಸುವ ವಿದೇಶಿ ಚಿತ್ರಗಳಿಗೆ ಸೆನ್ಸಾರಿನಿಂದ ವಿನಾಯಿತಿಯೂ ಸಿಕ್ಕಿತು. ವಿನಾಯಿತಿಯ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಕಲಾಭಿಮಾನಿಗಳ ಸಂಖ್ಯೆ ಏಕಾಏಕಿ ಏರಿತು ಎಂಬುದು ಆ ಕಾಲದ ಎಲ್ಲ ಊರಿನ ಹಳಬರೂ ಹೇಳುವ ಜೋಕು. ಪೋಲೆಂಡಿನದೋ ಹಂಗೇರಿಯದೋ ಚಿತ್ರವನ್ನು ಮೊದಲ ಸಾಲಿನಲ್ಲಿ ಕೂತು ಎರಡು ಗಂಟೆ ನೋಡಿ, ನಿರೀಕ್ಷಿಸಿದ್ದು ಬಾರದೆ, ಟ್ರಾಕ್ಟರುಗಳನ್ನಷ್ಟೇ ಕಂಡು ಹೊರಬಂದ ಮಹನೀಯರ ಸಂಕಟವನ್ನು ಯಾರಾದರೂ ಬರೆದಿಡಬೇಕಿತ್ತು. ನಮ್ಮ ಪ್ರಾಂಶುಪಾಲರದ್ದು ಅದರ ತಿರುವುಮುರುವು ಭಯ. ಪ್ರತಿ ಸಲವೂ ಸಹಿ ಹಾಕುವ ಮುಂಚೆ ಕನ್ನಡಕದ ಮೇಲಿಂದ ನೋಡಿ, "ಅಂಥದ್ದೇನೂ ಇಲ್ಲ ತಾನೇ?" ಎನ್ನುತ್ತಾರೆ. ಇಲ್ಲ ಸಾರ್ ಎನ್ನುತ್ತೇನೆ. ಒಂದು ಮುತ್ತು ಬಂದರೆ ಲ್ಯಾಪ್‌ಟಾಪಿನ ಮುಂದೆ ಕೂತ ಹುಡುಗ ಗಾಬರಿಯಲ್ಲಿ ಮೌಸ್ ಅಲ್ಲಾಡಿಸುತ್ತಾನೆ. ಬಾಣದ ಗುರುತು ಪ್ರತ್ಯಕ್ಷವಾಗಿ, ಯಾರೂ ಗಮನಿಸದಿದ್ದ ಜಾಗವನ್ನೇ ಎಲ್ಲರಿಗೂ ಬೊಟ್ಟು ಮಾಡಿ ತೋರಿಸುತ್ತದೆ.

ಕರ್ನಾಟಕದಲ್ಲಿ ಈ ಹುಚ್ಚಿಗೆ ಎರಡು ದೊಡ್ಡ ಮನೆಗಳಿವೆ. ಬೆಂಗಳೂರಿನ ಸುಚಿತ್ರಾ 1971ರದ್ದು. ಎರಡು ವರ್ಷದ ಮೇಲೆ, 1973ರಲ್ಲಿ, ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ಚಿತ್ರಸಮಾಜ ಶುರು ಮಾಡಿದರು. ಬೆಂಗಳೂರಿನಲ್ಲಿ ಫಿಲ್ಮ್ ಸೊಸೈಟಿ ಇದ್ದರೆ ಅದು ಸುದ್ದಿಯಲ್ಲ. ಅಡಕೆ ಸುಲಿಯುವ ಊರಿನಲ್ಲಿ ಇಟಲಿಯ ಡಿ ಸಿಕಾನ ಸಿನಿಮಾ ಓಡಿದ್ದು ಸುದ್ದಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಹೆಗ್ಗೋಡಿನ ಬೆನ್ನಿಗಿದ್ದರು. ಆಗೆಲ್ಲ 16 ಎಂಎಂ ರೀಲು. ಒಂದೂವರೆ ಗಂಟೆಯ ಸಿನಿಮಾ ಎಂದರೆ ಮೂರು ಸಾವಿರ ಅಡಿಗೂ ಮಿಕ್ಕಿದ ಫಿಲ್ಮು, ತಗಡಿನ ಡಬ್ಬಿಗಳಲ್ಲಿ ಸುತ್ತಿಕೊಂಡು ಊರಿಂದೂರಿಗೆ ಹೋಗಬೇಕು, ಹರಿದರೆ ಅಂಟಿಸಬೇಕು, ನೋಡಿದ ಮೇಲೆ ತಿರುಗಿಸಿ ಸುತ್ತಿ ವಾಪಸ್ ಕಳಿಸಬೇಕು. ನಾಯರ್ ಬಗ್ಗೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ಮಾಡಿದ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ಆ ಸಿನಿಮಾಗಳನ್ನು ನೆನೆಸಿಕೊಳ್ಳುವ ಭಾಗವಿದೆ. ಪಂಡಿತರ ಮಾತಿನ ಯಾವ ಭಾರವೂ ಅದರಲ್ಲಿಲ್ಲ. ನೆಂಟರ ಮನೆಯಲ್ಲಿ ನಡೆದದ್ದನ್ನು ಹೇಳಿದ ಹಾಗೆ ಹೇಳುತ್ತಾರೆ. ನಾನು ಅದನ್ನು ನೋಡಿದ ಮೇಲೆಯೇ ನಮ್ಮ ಕಾಲೇಜಿನಲ್ಲೂ ಇದು ಆಗಬಹುದು ಎಂಬ ಧೈರ್ಯ ಮಾಡಿದ್ದು. ಅಲ್ಲಿಯವರೆಗೆ, ವಿದೇಶಿ ಸಿನಿಮಾ ನೋಡಲು ಮೊದಲು ವಿದೇಶಿ ಸಿನಿಮಾ ಗೊತ್ತಿರಬೇಕು ಎಂದೇ ನನ್ನ ತಿಳುವಳಿಕೆ.

ಈಗ ಡಬ್ಬಿಯಿಲ್ಲ, ರೀಲಿಲ್ಲ, ಇಡೀ ಇಟಲಿ ಒಂದು ಪೆನ್‌ಡ್ರೈವಿನಲ್ಲಿ ಕೂರುತ್ತದೆ. ಕಷ್ಟಗಳು ಮಾತ್ರ ಬೇರೆ ವೇಷದಲ್ಲಿ ಬಂದಿವೆ. ಸಬ್‌ಟೈಟಲ್ ಫೈಲಿನ ಕಥೆ ಕೇಳಿ. ಥಿಯೇಟರಿನ ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಯುರೋಪಿನ ಟಿವಿ, ಡಿವಿಡಿಗಳಿಗೆಂದು ಮಾಡಿದ ಪ್ರತಿ 25 ಚೌಕಟ್ಟು. ಒಂದರ ಸಬ್‌ಟೈಟಲನ್ನು ಇನ್ನೊಂದಕ್ಕೆ ಜೋಡಿಸಿದರೆ ಶುರುವಿನಲ್ಲಿ ಎಲ್ಲ ಸರಿಯೇ ಇರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಮಾತಿಗೂ ಅಕ್ಷರಕ್ಕೂ ಎರಡೂವರೆ ನಿಮಿಷದ ಅಂತರ. ಗಂಡ ಹೆಂಡತಿಗೆ ಪ್ರೀತಿಯಿಂದ ಚಹಾ ಸುರಿದುಕೊಡುತ್ತ, ಕೆಳಗಡೆ ಅಕ್ಷರದಲ್ಲಿ ಅವಳನ್ನು ಕೊಂದುಹಾಕುತ್ತೇನೆಂದು ಹೆದರಿಸುತ್ತಿರುತ್ತಾನೆ. ಯುರೋಪಿನ ಕಲಾತ್ಮಕ ಸಿನಿಮಾ ಹೀಗೇ ಇರುತ್ತದೆಂದು ನಮ್ಮ ಹುಡುಗರು ಅದನ್ನೂ ಗಂಭೀರವಾಗಿ ನೋಡಿದ್ದುಂಟು. ಕೀಲಿಮಣೆಯ ಜಿ ಮತ್ತು ಎಚ್ ಒತ್ತಿದರೆ ಸಬ್‌ಟೈಟಲ್ ಹಿಂದೆಮುಂದೆ ಸರಿಯುತ್ತದೆ ಎಂದು ಕಂಡುಹಿಡಿದ ಬಿಸಿಎ ಹುಡುಗನಿಗೆ ಅಂದಿನಿಂದ ನಮ್ಮಲ್ಲಿ ಛಾಯಾಗ್ರಾಹಕನಿಗಿಂತ ಹೆಚ್ಚಿನ ಗೌರವ.

ಇಂಗ್ಲಿಷ್ ಸಬ್‌ಟೈಟಲ್ ಓದಿ ಮುಗಿಯುವುದರೊಳಗೆ ದೃಶ್ಯ ಮುಗಿದಿರುತ್ತದೆ ಎಂಬುದು ಕನ್ನಡ ಮಾಧ್ಯಮದಿಂದ ಬಂದವರ ದೂರು. ನ್ಯಾಯವಾದ ದೂರು. ನಾವೇ ಕನ್ನಡದಲ್ಲಿ ಹಾಕೋಣವೆಂದು ಅಬ್ಬಾಸ್ ಕಿಯರೊಸ್ತಾಮಿಯ 'ಗೆಳೆಯನ ಮನೆ ಎಲ್ಲಿದೆ' ಚಿತ್ರವನ್ನು ಕೈಗೆತ್ತಿಕೊಂಡೆವು. 1987ರ ಇರಾನಿ ಸಿನಿಮಾ. ಹುಡುಗನೊಬ್ಬ ಕಣ್ತಪ್ಪಿನಿಂದ ಗೆಳೆಯನ ನೋಟ್‌ಬುಕ್ ಮನೆಗೆ ತಂದುಬಿಟ್ಟಿದ್ದಾನೆ, ಅದನ್ನು ಹಿಂದಿರುಗಿಸದಿದ್ದರೆ ನಾಳೆ ಗೆಳೆಯನನ್ನು ಶಾಲೆಯಿಂದ ಓಡಿಸುತ್ತಾರೆ, ಅಮ್ಮ ಬಿಡುತ್ತಿಲ್ಲ. ಅಷ್ಟೇ ಕಥೆ. ಹುಡುಗಿಯರು ಕೂತು ಚೆನ್ನಾಗಿ ಅನುವಾದ ಮಾಡಿದರು. ಆದರೆ ಫೈಲನ್ನು ಯುಟಿಎಫ್-8 ಎಂದು ಉಳಿಸಬೇಕಾದಲ್ಲಿ ಯಾರೋ ಬೇರೆ ಗುಂಡಿ ಒತ್ತಿದ್ದರು. ತೆರೆಯ ಮೇಲೆ ಒಂದು ಕನ್ನಡ ಅಕ್ಷರವೂ ಇಲ್ಲ, ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇರಾನಿನ ತಾಯಿ ಮಗನನ್ನು ಪ್ರಶ್ನಾರ್ಥಕ ಚಿಹ್ನೆಗಳಲ್ಲಿ ಬೈದಳು, ಅವನು ಪ್ರಶ್ನಾರ್ಥಕ ಚಿಹ್ನೆಗಳಲ್ಲಿ ಬೇಡಿಕೊಂಡ. ನಿಲ್ಲಿಸೋಣವೇ ಎಂದು ಕೇಳಿದರೆ ಎಲ್ಲರೂ ಬೇಡವೆಂದರು. ಹೋಂವರ್ಕ್ ಮಾಡು, ಮಗುವನ್ನು ತೂಗು, ರೊಟ್ಟಿ ತಾ ಎಂದು ಆಕೆ ಹೇಳುತ್ತಿದ್ದಾಳೆಂದು ಹಿಂದಿನ ಸಾಲಿನಿಂದ ಅಡುಗೆ ಭಟ್ಟರು ಊಹಿಸಿ ಜೋರಾಗಿ ಹೇಳುತ್ತಲೇ ಇದ್ದರು. ಆಮೇಲೆ ಅನುವಾದದ ಕಾಗದ ತೆಗೆದು ನೋಡಿದರೆ ಹೆಚ್ಚುಕಡಿಮೆ ಅದೇ ಇತ್ತು.

ಅಲ್ಲಿಂದ ನಮಗೆ ಹೊಳೆಯಿತು: ಓದುವವರಿಗಿಂತ ಹೇಳುವವರು ಬೇಕು. ನಮ್ಮ ಕನ್ನಡ ಮೇಷ್ಟ್ರು ತಾಳಮದ್ದಳೆಯ ಅರ್ಥಧಾರಿಗಳು. ತೆರೆಯ ಪಕ್ಕ ಕುರ್ಚಿ ಹಾಕಿ, ಮೈಕು ಕೊಟ್ಟು, ಇಂಗ್ಲಿಷ್ ಸಬ್‌ಟೈಟಲನ್ನು ಕನ್ನಡದಲ್ಲಿ ಹೇಳುತ್ತ ಹೋಗಿ ಎಂದೆವು. ಆಧುನಿಕ ಸಿನಿಮಾ ವಿಮರ್ಶಕರು ಇದನ್ನು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಿರ್ದೇಶಕನ ಮೌನದ ಮೇಲೆ ಅತಿಕ್ರಮಣ ಎನ್ನುತ್ತಾರೆ. ಜಪಾನಿನಲ್ಲೇ ಇದು ದೊಡ್ಡ ವೃತ್ತಿಯಾಗಿತ್ತೆಂದು ಅವರಿಗೆ ಹೇಳಬೇಕು. ಮೂಕಿಚಿತ್ರಗಳ ಕಾಲದಲ್ಲಿ ಅಲ್ಲಿ ತೆರೆಯ ಬದಿಗೆ ಬೆನ್ಶಿ ಎಂಬ ಕಥೆಗಾರ ಇರುತ್ತಿದ್ದ. ಎಲ್ಲ ಪಾತ್ರಗಳ ಮಾತನ್ನೂ ಅವನೇ ಆಡುತ್ತಿದ್ದ. ನಟರಿಗಿಂತ ಬೆನ್ಶಿಯ ಹೆಸರು ನೋಡಿಯೇ ಜನ ಟಿಕೆಟ್ ಕೊಳ್ಳುತ್ತಿದ್ದದ್ದೂ ಉಂಟು. ಅಕಿರ ಕುರೊಸಾವನ ಅಣ್ಣ ಹೇಯ್ಗೊ ವಿದೇಶಿ ಚಿತ್ರಗಳ ಬೆನ್ಶಿಯಾಗಿದ್ದ, ತಮ್ಮನಿಗೆ ಸಿನಿಮಾದ ರುಚಿ ಹತ್ತಿಸಿದವನೂ ಅವನೇ. ಟಾಕಿ ಬಂತು, ಬೆನ್ಶಿಗಳ ಕೆಲಸ ಹೋಯಿತು, ಮುಷ್ಕರ ಸೋತಿತು. 1933ರಲ್ಲಿ ಹೇಯ್ಗೊ ಪ್ರಾಣ ಕಳೆದುಕೊಂಡ. 'ರಶೋಮನ್' ತೋರಿಸುವ ದಿನ ಇದನ್ನು ಹೇಳಿದಾಗ ನಮ್ಮ ಮೇಷ್ಟ್ರು ಮೈಕನ್ನು ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದರು.

ಹಾಗೆಂದು ಅವರಿಂದ ತೊಂದರೆಯಾಗಲಿಲ್ಲ ಎನ್ನಲಾರೆ. ಅರ್ಥಧಾರಿಗೆ ಎರಡು ಪದದ ಸಂಭಾಷಣೆ ಎಂದರೆ ಅವಮಾನ. ದರೋಡೆಕೋರ ತಜೊಮಾರು ಒಮ್ಮೆ ಗುರುಗುಟ್ಟಿದರೆ ಇವರು ಅದಕ್ಕೆ ಪೂರ್ವಪಕ್ಷ ಸಿದ್ಧಾಂತ ಎರಡನ್ನೂ ಹೇಳುತ್ತಿದ್ದರು. ಓಜು ಅವರ 'ಟೋಕಿಯೋ ಸ್ಟೋರಿ' ಒಂದೇ ಅವರನ್ನು ಸೋಲಿಸಿದ್ದು. ವಯಸ್ಸಾದ ಗಂಡಹೆಂಡತಿ ಪಟ್ಟಣದಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ, ಮಕ್ಕಳಿಗೆ ಪುರಸೊತ್ತಿಲ್ಲ, ಸುಮ್ಮನೆ ವಾಪಸು ಬರುತ್ತಾರೆ. ಅರ್ಧ ಗಂಟೆಯಾದ ಮೇಲೆ ಮೇಷ್ಟ್ರು ಮೈಕು ಕೆಳಗಿಟ್ಟುಬಿಟ್ಟರು. ಅವರ ಮಗ ಬೆಂಗಳೂರಿನಲ್ಲಿದ್ದಾನೆ.

'ರಶೋಮನ್' ಮುಗಿದ ಮೇಲಿನ ಪ್ರಶ್ನೆ ನೀವು ಊಹಿಸಿದ್ದೇ. "ಕೊನೆಗೂ ಕೊಂದಿದ್ದು ಯಾರು ಸಾರ್?" ಚಿತ್ರೀಕರಣಕ್ಕೆ ಮುಂಚೆ ಕುರೊಸಾವನ ಮೂವರು ಸಹಾಯಕ ನಿರ್ದೇಶಕರೇ ಬಂದು ಚಿತ್ರಕಥೆ ಅರ್ಥವಾಗಲಿಲ್ಲ ಎಂದು ದೂರಿದ್ದರಂತೆ, ನಾವು ಯಾವ ಗಿಡದ ತಪ್ಪಲು. ಒಬ್ಬ ಮಾತ್ರ, ಉಡುಪಿ ಕಡೆಯವನು, ಎದ್ದು ನಿಂತು "ಇದು 'ಉಳಿದವರು ಕಂಡಂತೆ' ಥರ ಉಂಟು ಸಾರ್" ಎಂದ. ಮಲ್ಪೆಯ ಆ ಸಿನಿಮಾ 2014ರದ್ದು, ಇದು 1950ರದ್ದು, 1951ರಲ್ಲಿ ವೆನಿಸ್ಸಿನಲ್ಲಿ ಸ್ವರ್ಣಸಿಂಹ ಗೆದ್ದದ್ದು ಎಂದು ತಿದ್ದಲು ಹೊರಟವನು ಸುಮ್ಮನಾದೆ. ಅವನ ಮಟ್ಟಿಗೆ ಮಲ್ಪೆಯೇ ಮೊದಲು. ಕುರೊಸಾವ ಆಮೇಲೆ ಬಂದವನು.

'ಬೈಸಿಕಲ್ ಥೀವ್ಸ್' ತೋರಿಸದ ಫಿಲ್ಮ್ ಸೊಸೈಟಿ ಈ ದೇಶದಲ್ಲಿ ಇರಲಾರದು. ಸತ್ಯಜಿತ್ ರಾಯ್ 1950ರಲ್ಲಿ ಲಂಡನ್ನಿನಲ್ಲಿ ಇದನ್ನು ನೋಡಿಯೇ 'ಪಥೇರ್ ಪಾಂಚಾಲಿ'ಯನ್ನು ಹೇಗೆ ಮಾಡಬೇಕೆಂದು ನಿಶ್ಚಯಿಸಿದ್ದು. 1952ರ ನಮ್ಮ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೂ ಬಂದಿತ್ತು. ಇಷ್ಟೆಲ್ಲ ಪೀಠಿಕೆ ಹಾಕಿ ತೋರಿಸಿದ ಮೇಲೆ ನಮ್ಮ ಹಾಲಿನಲ್ಲಿ ಎದ್ದ ಮೊದಲ ಪ್ರಶ್ನೆ: "ಬೀಗ ಯಾಕೆ ಹಾಕಿರಲಿಲ್ಲ?" ರೀಟಾ ಹೇವರ್ತಳ ಪೋಸ್ಟರನ್ನು ಗೋಡೆಗೆ ಅಂಟಿಸುವ ಭರದಲ್ಲಿ ಕಥಾನಾಯಕ ರಿಚ್ಚಿ ಸೈಕಲನ್ನು ಹಾಗೇ ಒರಗಿಸಿದ್ದ, ಕಳ್ಳ ಹತ್ತಿಕೊಂಡು ಹೋದ. ಬಡತನ, ಯುದ್ಧಾನಂತರದ ಇಟಲಿ, ನವವಾಸ್ತವವಾದ ಎಂದು ನಾನು ಶುರು ಮಾಡಿದರೂ ಸಭೆ ಬೀಗ ಬಿಟ್ಟು ಕದಲಲಿಲ್ಲ. ಬೀಗದ ವಿಷಯದಲ್ಲಿ ಅಟೆಂಡರ ಅಭಿಪ್ರಾಯಕ್ಕೆ ತೂಕ ಹೆಚ್ಚು. "ಬೀಗ ಕೊಳ್ಳೋ ದುಡ್ಡಿದ್ರೆ ಬೆಡ್‌ಶೀಟ್ ಯಾಕೆ ಅಡ ಇಡ್ತಿದ್ದ ಸಾರ್?" ಎಂದು ಅವರೇ ಮುಗಿಸಿದರು. ಯಾವ ಪಠ್ಯಪುಸ್ತಕದಲ್ಲಿಯೂ ನಾನು ಇದನ್ನು ಓದಿರಲಿಲ್ಲ.

ಆ ಅಡ ಇಡುವ ದೃಶ್ಯದಲ್ಲಿ, ಅಂಗಡಿಯಾತ ಆ ಬೆಡ್‌ಶೀಟಿನ ಗಂಟನ್ನು ಹೊತ್ತುಕೊಂಡು ಕಪಾಟು ಹತ್ತುತ್ತಾನೆ. ಅದೇ ಥರದ ಗಂಟುಗಳು ಸೂರಿನವರೆಗೂ. ಊರಿಗೆ ಊರೇ ಅಲ್ಲಿದೆ. ಸದಾ ಪಿಸುಗುಡುವ ಹಾಲು ಅಲ್ಲಿ ಮಾತ್ರ ಪಿಸುಗುಡಲಿಲ್ಲ. ಸೆಮಿಸ್ಟರ್ ಫೀಸಿನ ತಿಂಗಳು ಅದು. ಸಹಕಾರಿ ಸೊಸೈಟಿಯಲ್ಲಿ ಅಮ್ಮನ ಬಳೆ ಇಟ್ಟು ಬಂದವರು ಆ ಬೆಂಚುಗಳಲ್ಲಿ ಎಷ್ಟು ಜನ ಇದ್ದರೋ. ರಿಚ್ಚಿಯ ಪಾತ್ರ ಮಾಡಿದ ಲ್ಯಾಂಬರ್ತೊ ಮಜ್ಜೊರಾನಿ ನಿಜಕ್ಕೂ ಕಾರ್ಖಾನೆಯ ಕೆಲಸಗಾರ. ಸಿನಿಮಾ ಮುಗಿಸಿ ಕಾರ್ಖಾನೆಗೆ ಮರಳಿದವನಿಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಮಗನಾಗಿ ನಟಿಸಿದ ಎನ್ಜೊ ಸ್ತಯೊಲಾ ದೊಡ್ಡವನಾಗಿ ಗಣಿತದ ಮೇಷ್ಟ್ರಾದ ಎಂದಾಗ ನಮ್ಮ ಗಣಿತ ವಿಭಾಗದವರು ಮೊದಲ ಬಾರಿಗೆ ಚಿತ್ರಸಮಾಜದ ಬಗ್ಗೆ ಒಳ್ಳೆಯ ಮಾತಾಡಿದರು.

ನನ್ನನ್ನು ಕೇಳಿದರೆ, ಕಾಲೇಜಿನಲ್ಲಿ ತೋರಿಸಲೇಬೇಕಾದದ್ದು ಗ್ರಿಗೊರಿ ಚುಖ್ರಾಯ್ 1959ರಲ್ಲಿ ಮಾಡಿದ 'ಬಲ್ಲಾಡ್ ಆಫ್ ಎ ಸೋಲ್ಜರ್'. ಸೋವಿಯತ್ ಸಿನಿಮಾ ಎಂದರೆ ಭಾಷಣ ಎಂದುಕೊಂಡವರ ಬಾಯಿ ಕಟ್ಟುತ್ತದೆ. ಹತ್ತೊಂಬತ್ತರ ಹುಡುಗ ಅಲ್ಯೋಶಾ ಯುದ್ಧರಂಗದಲ್ಲಿ ಎರಡು ಟ್ಯಾಂಕು ಉಡಾಯಿಸುತ್ತಾನೆ. ಪದಕ ಕೊಡುತ್ತೇವೆ ಎಂದರೆ, ಪದಕ ಬೇಡ, ಊರಿಗೆ ಹೋಗಿ ಅಮ್ಮನನ್ನು ನೋಡಿ ಮನೆಯ ಸೂರು ಸರಿಮಾಡಿ ಬರಲೇ ಎನ್ನುತ್ತಾನೆ. ಜನರಲ್ ಆರು ದಿನ ರಜೆ ಕೊಡುತ್ತಾನೆ: ಹೋಗಲು ಎರಡು, ಸೂರಿಗೆ ಎರಡು, ಬರಲು ಎರಡು. ರೈಲು ಸಿಗುವುದಿಲ್ಲ, ದಾರಿಯಲ್ಲಿ ಯಾರ್ಯಾರಿಗೋ ನೆರವಾಗುತ್ತ ದಿನ ಕರಗುತ್ತದೆ. ಮನೆ ಮುಟ್ಟಿದಾಗ ಅಮ್ಮನನ್ನು ಅಪ್ಪಿಕೊಳ್ಳುವಷ್ಟೇ ಹೊತ್ತು. ಹಾಸ್ಟೆಲಿನಲ್ಲಿದ್ದು, ಹಬ್ಬಕ್ಕೆ ವಾರ್ಡನ್ ಕೊಟ್ಟ ಎರಡು ದಿನದ ರಜೆಯಲ್ಲಿ ಒಂದೂವರೆ ದಿನವನ್ನು ಬಸ್‌ಸ್ಟ್ಯಾಂಡಿನಲ್ಲಿ ಕಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಮೈಕು, ಸಬ್‌ಟೈಟಲ್ ಎರಡೂ ಕೆಟ್ಟಿದ್ದರೂ ನಡೆಯುತ್ತಿತ್ತು. ಕೊನೆಯಲ್ಲಿ ದೀಪ ಹಾಕಬೇಕಾದ ಹುಡುಗ ಬೇಕೆಂದೇ ತಡ ಮಾಡಿದ. ಅವನಿಗೂ ಮುಖ ಒರೆಸಿಕೊಳ್ಳುವುದಿತ್ತು.

ಅದರಲ್ಲೊಂದು ಸಾಬೂನಿನ ಉಪಕಥೆ ಇದೆ. ಜೊತೆಯ ಸೈನಿಕನೊಬ್ಬ ತನ್ನ ಹೆಂಡತಿಗೆ ಕೊಡೆಂದು ಎರಡು ಸಾಬೂನು ಕಳಿಸಿರುತ್ತಾನೆ, ತುಕಡಿಗೆಲ್ಲ ಇದ್ದದ್ದೇ ಅಷ್ಟು. ಹೋಗಿ ನೋಡಿದರೆ ಆಕೆ ಬೇರೊಬ್ಬನ ಜೊತೆ ಇದ್ದಾಳೆ. ಅಲ್ಯೋಶಾ ಸಾಬೂನನ್ನು ಕೊಟ್ಟು ಮೆಟ್ಟಿಲಿಳಿದವನು ಮತ್ತೆ ಹತ್ತಿ ಹೋಗಿ ಕಿತ್ತು ತಂದು, ಆ ಸೈನಿಕನ ಮುದಿ ತಂದೆಗೆ ಕೊಡುತ್ತಾನೆ. ಇದು ಸರಿಯೇ ತಪ್ಪೇ ಎಂದು ನಮ್ಮಲ್ಲಿ ನಡೆದ ವಾದಕ್ಕೆ ಯಾವ ವಿಚಾರ ಸಂಕಿರಣವೂ ಸಮವಲ್ಲ. ಹುಡುಗಿಯರು ಆಕೆಯ ಪರ: ಗಂಡ ಬದುಕಿದ್ದಾನೋ ಸತ್ತನೋ ಗೊತ್ತಿಲ್ಲದೆ ಎಷ್ಟು ದಿನ ಕಾಯಬೇಕು? ಕಾವಲಿನವನು ಅವಳ ವಿರುದ್ಧ. ಅಡುಗೆ ಭಟ್ಟರದ್ದು ಮೂರನೆಯ ಪಕ್ಷ: ಒಂದು ಅವಳಿಗೆ ಬಿಟ್ಟು ಒಂದನ್ನು ತರಬೇಕಿತ್ತು. ನಮ್ಮ ಅಧ್ಯಾಪಕರಲ್ಲಿ ಅನೇಕರು ಹಾಜರಾತಿಗೆ ಸಹಿ ಮಾಡಿ ಮೊದಲ ರೀಲಿನಲ್ಲೇ ಹೊರಟುಹೋಗಿದ್ದರಿಂದ ಅವರ ಪಕ್ಷ ತಿಳಿಯಲಿಲ್ಲ.

ಹಾಜರಾತಿ ಎಂದೆ, ಫೋಟೋದ ವಿಷಯವನ್ನೂ ಹೇಳಿಬಿಡುತ್ತೇನೆ. ಕಾಲೇಜಿನ ಗುಣಮಟ್ಟ ಅಳೆಯಲು ಬರುವ ತಂಡಕ್ಕೆ ಪ್ರತಿ ಕಾರ್ಯಕ್ರಮದ ಫೋಟೋ ಬೇಕು, ಅದರಲ್ಲಿ ಅಕ್ಷಾಂಶ ರೇಖಾಂಶ ಮುದ್ರೆಯಾಗಿರಬೇಕು, ಬ್ಯಾನರ್ ಕಾಣಬೇಕು. ಸಿನಿಮಾ ನೋಡುವುದು ಕತ್ತಲಲ್ಲಿ. ಮೊದಲ ಫೋಟೋದಲ್ಲಿ ಕರಿ ಚೌಕ, ಕೆಳಗೆ ಅಕ್ಷಾಂಶ ರೇಖಾಂಶ, ಅಷ್ಟೇ. ಹಾಗಾಗಿ ಈಗ ಪ್ರತಿ ಸಿನಿಮಾದಲ್ಲೂ ಒಮ್ಮೆ ತಡೆದು, ದೀಪ ಹಾಕಿ, ಎಲ್ಲರೂ ತೆರೆಯತ್ತ ತದೇಕಚಿತ್ತರಾಗಿ ನೋಡುತ್ತಿರುವಂತೆ ಫೋಟೋ ತೆಗೆಯುತ್ತೇವೆ. ತೆರೆಯ ಮೇಲೆ ಆಗ ಏನೂ ಇರುವುದಿಲ್ಲ.

ಪರಭಾಷೆಯ ಸಿನಿಮಾ ಎಂದರೆ ಹೊರದೇಶದ್ದೇ ಆಗಬೇಕೆಂದೇನಿಲ್ಲ. 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಗೆದ್ದು ಬಂದದ್ದು; ಅಲ್ಲಿನವರು ಮಂಡ್ಯದ ಮಾತನ್ನು ಸಬ್‌ಟೈಟಲಿನಲ್ಲಿ ಓದಿಯೇ ನಕ್ಕಿರಬೇಕು. ನಾವು ತೋರಿಸಿದಾಗ ಬೀದರಿನ ಹುಡುಗಿಯೊಬ್ಬಳು ಕದ್ದು ಕದ್ದು ಇಂಗ್ಲಿಷ್ ಸಾಲುಗಳನ್ನೇ ನೋಡುತ್ತಿದ್ದಳು. ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಹೊಸದಾಗಿ ಸಂರಕ್ಷಣೆಗೊಂಡು 2024ರಲ್ಲಿ ವೆನಿಸ್ಸಿಗೆ ಹೋಯಿತು. 'ಸಂಸ್ಕಾರ'ಕ್ಕೆ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೊವನ್. ಯಾವುದೋ ದೇಶದ ಯಾವುದೋ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ನಮ್ಮ ಅಗ್ರಹಾರದ ಸಿನಿಮಾ ನೋಡಿ, ಹೆಣ ಎತ್ತುವುದಕ್ಕೆ ಇಷ್ಟೊಂದು ಯೋಚನೆ ಯಾಕೆ ಎಂದು ಅಲ್ಲಿನ ಅಟೆಂಡರೊಬ್ಬರು ಕೇಳಿದ್ದರೆ ಆಶ್ಚರ್ಯವಿಲ್ಲ.

ಸದ್ಯದ ಸಮಸ್ಯೆ 'ಸೆವೆನ್ ಸಮುರಾಯ್'. 207 ನಿಮಿಷ. ಕಾಲೇಜು ಬಿಡುವುದು ಒಂದು ಗಂಟೆಗೆ, ಕಡೆಯ ಬಸ್ಸು ಐದಕ್ಕೆ. ಊಟ ಮಾಡಿ ಕೂತರೆ ಬಸ್ಸು ತಪ್ಪುತ್ತದೆ, ಊಟ ಬಿಟ್ಟು ಕೂತರೆ ಪ್ರೇಕ್ಷಕರು ತಪ್ಪುತ್ತಾರೆ. ಎರಡು ಶನಿವಾರ ಮಾಡೋಣವೆಂದು ಮೇಡಂ, ಕತ್ತರಿಸೋಣವೆಂದು ಬಿಸಿಎ ಹುಡುಗ. ಸಿನಿಮಾದಲ್ಲೇ ಕುರೊಸಾವ ಮಧ್ಯಂತರ ಇಟ್ಟಿದ್ದಾನೆ, ಅಲ್ಲೇ ಚಿತ್ರಾನ್ನ ಹಂಚಿಬಿಡೋಣ ಎಂದು ನಾನು. ಚಿತ್ರಾನ್ನ ಎಂದ ಕೂಡಲೇ ಅಡುಗೆ ಭಟ್ಟರನ್ನು ಕರೆಸಬೇಕಾಯಿತು. ಬಂದವರು ಮೊದಲು ಕಥೆ ಹೇಳಿ ಎಂದರು. ಕೊಯ್ಲಾದ ಮೇಲೆ ದರೋಡೆಕೋರರು ಬರುತ್ತಾರೆಂದು ಗೊತ್ತಾಗಿ ಹಳ್ಳಿಯವರು ಏಳು ಜನ ಸಮುರಾಯ್‌ಗಳನ್ನು ಕರೆತರುತ್ತಾರೆ. ಕೊಡಲು ದುಡ್ಡಿಲ್ಲ, ಮೂರು ಹೊತ್ತು ಅನ್ನ ಹಾಕುತ್ತೇವೆ ಎನ್ನುತ್ತಾರೆ, ಅಷ್ಟಕ್ಕೇ ಅವರು ಒಪ್ಪುತ್ತಾರೆ ಎಂದೆ. ಭಟ್ಟರು ಗೋಡೆಗೆ ಒರಗಿ ಲೆಕ್ಕ ಹಾಕಿದರು. "ಹೊಡೆದಾಡುವವರು, ಏಳು ಆಳು. ದಿನಕ್ಕೆ ಐದು ಸೇರು ಅಕ್ಕಿ ಎಲ್ಲೂ ಹೋಗಿಲ್ಲ. ಅಷ್ಟು ಅಕ್ಕಿ ಇವರಿಗೆ ಹಾಕಿದರೆ ಊರವರು ಏನು ತಿಂತಾರೆ ಮೇಷ್ಟ್ರೇ?"

"ಸಿರಿಧಾನ್ಯ" ಎಂದೆ.

"ಅದು ಈಗ ಅಕ್ಕಿಗಿಂತ ದುಬಾರಿ" ಎಂದು ಭಟ್ಟರು ಚಿತ್ರಾನ್ನದ ಸಾಮಾನಿನ ಚೀಟಿ ಕೇಳಿದರು.